ಗಿರಿಜಾ ಯಾವ ಅಕ್ಷರದ ಕೆಳಗೆ?

ಸಂಶೋಧನಾ ಪತ್ರಿಕೆಯ ಮೇಜಿಗೆ ಹೊಸದಾಗಿ ಬಂದು ಕೂರುವ ತರುಣ ತರುಣಿಯರಿಗೆ ನನ್ನ ಮೊದಲ ಮಾತು ಇದು: ಲೇಖನವನ್ನು ಕೊನೆಯ ಪುಟದಿಂದ ಓದತೊಡಗಿ. ಅಲ್ಲಿ ಆಕರಗಳ ಪಟ್ಟಿ ಇರುತ್ತದೆ. ಬರೆದವರು ಯಾರ ಮಾತನ್ನು ಕೇಳಿಸಿಕೊಂಡು ಬರೆಯಲು ಕುಳಿತರು ಎಂಬುದನ್ನು ಆ ಪಟ್ಟಿ ಹೇಳುತ್ತದೆ. ಯಾರ ಮಾತನ್ನು ಕೇಳಿಸಿಕೊಳ್ಳಲಿಲ್ಲ ಎಂಬುದನ್ನೂ ಹೇಳುತ್ತದೆ. ಭತ್ತದ ಬೇಸಾಯದ ಮೇಲಿನ ಲೇಖನವೊಂದರ ಪಟ್ಟಿಯಲ್ಲಿ ಒಬ್ಬ ಹೆಂಗಸಿನ ಹೆಸರೂ ಇರಲಿಲ್ಲ. ನಾಟಿ ಮಾಡುವವರು ಯಾರು, ಕಳೆ ಕೀಳುವವರು ಯಾರು ಎಂದು ನಾನು ಲೇಖಕರಿಗೆ ಬರೆದು ಕೇಳಿದೆ. ಅದು ಎಲ್ಲರಿಗೂ ಗೊತ್ತಿರುವ ವಿಷಯ ಎಂದು ಉತ್ತರ ಬಂತು. ಎಲ್ಲರಿಗೂ ಗೊತ್ತಿದ್ದೂ ಯಾರೂ ಬರೆಯದೆ ಬಿಡುವುದನ್ನು ನಾನು ಅಂದೂ ಅನ್ಯಾಯ ಎಂದೇ ಕರೆದೆ, ಇಂದೂ ಹಾಗೆಯೇ ಕರೆಯುತ್ತೇನೆ.

ನಾನು ಕೆಲಸ ಮಾಡಿದ್ದು ಶಿವಮೊಗ್ಗದ ದುರ್ಗಿಗುಡಿಯಲ್ಲಿ, ಒಂದು ಸಣ್ಣ ಸಂಶೋಧನಾ ಟ್ರಸ್ಟಿನ ತ್ರೈಮಾಸಿಕ ಪತ್ರಿಕೆಯಲ್ಲಿ. ಔಷಧಿ ಅಂಗಡಿಯ ಮೇಲಿನ ಮಹಡಿ ನಮ್ಮ ಕಚೇರಿ. ತೊಂಬತ್ತರ ದಶಕದ ಆರಂಭದಲ್ಲಿ ಸೇರಿದಾಗ ನಾನು ಚಳವಳಿಯ ಕರಪತ್ರಗಳನ್ನು ಹಂಚಿ ಕೈಗೆ ಶಾಯಿ ಮೆತ್ತಿಕೊಂಡಿದ್ದ ಹುಡುಗಿ. ಸಮಾಜವನ್ನು ಬದಲಿಸುವ ಲೇಖನಗಳನ್ನು ತಿದ್ದುತ್ತೇನೆ ಎಂದುಕೊಂಡು ಬಂದವಳಿಗೆ ಸಿಕ್ಕಿದ್ದು ಅಲ್ಪವಿರಾಮಗಳ ಕೆಲಸ. ಲೇಖಕರ ಹೆಸರು, ವರ್ಷ, ಪುಸ್ತಕದ ಹೆಸರು, ಪ್ರಕಾಶಕರು, ಊರು, ಪುಟ: ಇವು ಇದೇ ಕ್ರಮದಲ್ಲಿ, ಇವೇ ಚಿಹ್ನೆಗಳೊಂದಿಗೆ, ಪ್ರತಿ ಲೇಖನದ ಕೊನೆಯಲ್ಲೂ ಒಂದೇ ಸಮನಾಗಿ ಬರುವಂತೆ ನೋಡಿಕೊಳ್ಳುವುದು. ಪಠ್ಯದಲ್ಲಿ ಹೆಸರಿಸಿದವರೆಲ್ಲ ಪಟ್ಟಿಯಲ್ಲಿದ್ದಾರೆಯೇ, ಪಟ್ಟಿಯಲ್ಲಿರುವವರೆಲ್ಲ ಪಠ್ಯದಲ್ಲಿ ಬಂದಿದ್ದಾರೆಯೇ ಎಂದು ಒಂದೊಂದಾಗಿ ಗುರುತು ಹಾಕುವುದು. ಇದೊಂದು ಕೆಲಸವೇ ಎಂದು ಮೊದಲ ವರ್ಷ ಅನ್ನಿಸುತ್ತದೆ. ನಿಮಗೂ ಅನ್ನಿಸುತ್ತದೆ, ಅನ್ನಿಸಲಿ.

ಸಂಪಾದಕರು ಪ್ರೊಫೆಸರ್ ನರಹರಿ. ನಿವೃತ್ತರಾದ ಮೇಲೆ ಪತ್ರಿಕೆಯನ್ನೇ ಮನೆ ಮಾಡಿಕೊಂಡವರು. ಕರಡು ಮುಟ್ಟುವ ಮೊದಲು ಕೈ ತೊಳೆಯುತ್ತಿದ್ದರು. ಕೆಂಪು ಶಾಯಿಯನ್ನು ಕಚೇರಿಯೊಳಗೆ ಬಿಡುತ್ತಿರಲಿಲ್ಲ. ಅದು ಶಾಲೆಯಲ್ಲಿ ಮಕ್ಕಳನ್ನು ಹೆದರಿಸುವ ಬಣ್ಣ, ಬರೆದವರನ್ನು ಹೆದರಿಸಬಾರದು ಎನ್ನುತ್ತಿದ್ದರು. ಹಾಗಾಗಿ ನಮ್ಮಲ್ಲಿ ತಿದ್ದುಪಡಿಯೆಲ್ಲ ಹಸಿರು ಶಾಯಿಯಲ್ಲಿ. ಇಂಥ ಮೃದು ಮನುಷ್ಯ ಒಂದು ವಿಷಯದಲ್ಲಿ ಮಾತ್ರ ಕಲ್ಲು: ಪತ್ರಿಕೆಯ ನಿಯಮ. ನಿಯಮ ಒಮ್ಮೆ ಆಯಿತೆಂದರೆ ಆಯಿತು.

ಆಗ ನಮ್ಮ ವಿಧಾನ ಕಾರ್ಡುಗಳದ್ದು. ಒಂದೊಂದು ಆಕರಕ್ಕೆ ಒಂದೊಂದು ಕಾರ್ಡು ಬರೆದು, ಅಕಾರಾದಿಯಾಗಿ ಜೋಡಿಸಿ, ಬೂಟಿನ ಖಾಲಿ ಡಬ್ಬಗಳಲ್ಲಿ ನಿಲ್ಲಿಸುತ್ತಿದ್ದೆ. ಫ್ಯಾನು ಹಾಕಿದರೆ ಹಾರುತ್ತವೆಂದು ಬೇಸಿಗೆಯಲ್ಲೂ ಸೆಕೆಯಲ್ಲೇ ಕೆಲಸ. ಅಡಿಟಿಪ್ಪಣಿಗಳಲ್ಲಿ ಇನ್ನೊಂದು ಅಪಾಯವಿತ್ತು. ಹಿಂದಿನ ಟಿಪ್ಪಣಿಯಲ್ಲಿ ಹೆಸರಿಸಿದ ಪುಸ್ತಕವೇ ಮತ್ತೆ ಬಂದರೆ ಪೂರ್ತಿ ಬರೆಯದೆ 'ಅದೇ' ಎಂದು ಹಾಕಿ ಪುಟಸಂಖ್ಯೆ ಕೊಡುವುದು ರೂಢಿ. ಒಮ್ಮೆ ಗೇಣಿ ಹೋರಾಟದ ಮೇಲಿನ ಲೇಖನದ ಕರಡು ತಿದ್ದಲು ಲೇಖಕರಿಗೆ ಕಳಿಸಿದಾಗ, ಅವರು ಎರಡು ಟಿಪ್ಪಣಿಗಳ ನಡುವೆ ಹೊಸದೊಂದನ್ನು ಸೇರಿಸಿ ನೇರವಾಗಿ ಮುದ್ರಣಾಲಯಕ್ಕೇ ಕೊಟ್ಟುಬಂದರು. ಕೆಳಗಿನ 'ಅದೇ' ಈಗ ಹೊಸ ಟಿಪ್ಪಣಿಯ ಪುಸ್ತಕವನ್ನು ತೋರಿಸತೊಡಗಿತು. ಗೇಣಿದಾರರ ಮುಖಂಡರು ಹೇಳಿದ ಮಾತು ಒಬ್ಬ ಜಮೀನ್ದಾರರ ಆತ್ಮಕಥೆಯ ಪಾಲಾಯಿತು. ಆ ಮುಖಂಡರು ಇನ್ನೂ ಬದುಕಿದ್ದರು. ಪತ್ರಿಕೆಯನ್ನು ಸುರುಳಿ ಸುತ್ತಿಕೊಂಡು ಭದ್ರಾವತಿಯಿಂದ ಬಸ್ಸು ಹತ್ತಿ ಬಂದರು.

"ಜೀವಮಾನ ಪೂರ್ತಿ ಯಾರ ಹತ್ರ ಜಗಳ ಆಡಿದ್ನೋ ಅವ್ನ ಬಾಯಲ್ಲಿ ನನ್ ಮಾತು ಇಟ್ಟಿದೀರಲ್ಲ ತಾಯಿ!"

"ಕೂತ್ಕೊಳ್ಳಿ ಯಜಮಾನ್ರೇ, ಕಾಫಿ ತರಿಸ್ತೀನಿ."

"ಕಾಫಿ ನಮ್ಮನೇಲೂ ಕಾಯಿಸ್ತಾರೆ. ನನ್ ಮಾತು ನಂಗೆ ವಾಪಸ್ ಕೊಡ್ರಿ ಸಾಕು."

ನರಹರಿ ಸರ್ ಎದ್ದು ನಿಂತು ಕ್ಷಮೆ ಕೇಳಿದರು. ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಅಚ್ಚಾಯಿತು. ಅದು ಲೇಖಕರ ಕೈಯಿಂದಾದ ತಪ್ಪಾದ್ದರಿಂದ ಒಪ್ಪಿಕೊಳ್ಳುವುದು ಪತ್ರಿಕೆಗೆ ಕಷ್ಟವಾಗಲಿಲ್ಲ. ಪತ್ರಿಕೆಯದೇ ತಪ್ಪಾದಾಗ ಏನಾಗುತ್ತದೆ ಎಂಬುದನ್ನು ನಾನು ನೋಡಿದ್ದು ಆಮೇಲೆ, ಗಿರಿಜಾಳ ವಿಷಯದಲ್ಲಿ. ಅದನ್ನು ಹೇಳುವ ಮುನ್ನ ಹೆಸರುಗಳ ನಿಯಮವನ್ನು ವಿವರಿಸಬೇಕು.

ಹೊರದೇಶದ ಗ್ರಂಥಾಲಯಗಳೊಂದಿಗೆ ಪತ್ರಿಕೆಯ ವಿನಿಮಯ ಆರಂಭವಾದಾಗ ನರಹರಿ ಸರ್ ಅಲ್ಲಿಯ ಒಂದು ಕೈಪಿಡಿ ತರಿಸಿದರು. ಅದರ ಪ್ರಕಾರ ಮನೆತನದ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ನಮ್ಮಲ್ಲಿ ಎಲ್ಲರಿಗೂ ಮನೆತನದ ಹೆಸರೆಂಬುದು ಇದೆಯೇ? ಹೆಸರಿನ ಹಿಂದೆ ಜಾತಿಯನ್ನೋ ಒಕ್ಕಲನ್ನೋ ಇಟ್ಟುಕೊಂಡವರಿಗೆ ಇದೆ. ಕೂಲಿ ಮಾಡಿದವರ, ಕುಲುಮೆಯ ಮುಂದೆ ನಿಂತವರ ಮಕ್ಕಳಿಗೆ ಇರುವುದು ಊರಿನ ಒಂದಕ್ಷರ, ಅಪ್ಪನ ಒಂದಕ್ಷರ, ಆಮೇಲೆ ತನ್ನ ಹೆಸರು. ಹೆಂಗಸಿಗಾದರೆ ಮದುವೆಯಾದ ಮೇಲೆ ಬಾಲದಲ್ಲಿ ಗಂಡನ ಹೆಸರು. ಹೆಸರಿನ ಕೊನೆಯ ಪದವನ್ನು ಎತ್ತಿ ಮುಂದಿಡಿ ಎಂಬ ನಿಯಮ ಜಾರಿಯಾದರೆ ಪಟ್ಟಿಯಲ್ಲಿ ಗಂಡಸಿನ ಮುಂದೆ ಅವನ ಜಾತಿ ನಿಲ್ಲುತ್ತದೆ, ಹೆಂಗಸಿನ ಮುಂದೆ ಅವಳ ಗಂಡ ನಿಲ್ಲುತ್ತಾನೆ. ಸಂಪಾದಕ ಮಂಡಳಿಯ ಸಭೆಯಲ್ಲಿ ನಾನು ಇದನ್ನು ಹೇಳಿದೆ.

"ಜಗತ್ತಿನ ಜೊತೆ ಹೆಜ್ಜೆ ಹಾಕ್ಬೇಕಲ್ಲಮ್ಮ ಸುಲೋಚನಾ" ಎಂದರು ನರಹರಿ ಸರ್, ನೋಯಿಸದ ದನಿಯಲ್ಲಿ.

"ಜಗತ್ತಿಗೆ ನಮ್ಮ ಹೆಜ್ಜೆ ಕಲಿಸೋಕೆ ಆಗಲ್ವಾ ಸರ್?"

ಮಂಡಳಿಯವರು ನಕ್ಕರು. ಕೈ ಎತ್ತಿಸಿದಾಗ ವಿರೋಧಕ್ಕೆ ನನ್ನದೊಂದೇ ಕೈ. ನಿಯಮ ಜಾರಿಯಾಯಿತು. ಪಟ್ಟಿಯಲ್ಲಷ್ಟೇ ಅಲ್ಲ, ಲೇಖನದ ಪ್ರತಿ ಪುಟದ ನೆತ್ತಿಯ ಮೇಲೂ ಆ ಮುಂದಿಟ್ಟ ಹೆಸರೊಂದೇ ಬರಬೇಕೆಂದು ತೀರ್ಮಾನವಾಯಿತು.

ಬಿ. ಎಂ. ಗಿರಿಜಾ ನಮ್ಮ ಕಚೇರಿಗೆ ಬಂದದ್ದು ಆ ನಿಯಮಕ್ಕೂ ಮೊದಲು. ಭದ್ರಾವತಿಯ ನ್ಯೂ ಟೌನಿನ ಹುಡುಗಿ. ಬಿ ಎಂದರೆ ಭದ್ರಾವತಿ, ಎಂ ಎಂದರೆ ಮುನಿಯಪ್ಪ. ಅಪ್ಪ ಅಲ್ಲಿಯ ಉಕ್ಕಿನ ಕಾರ್ಖಾನೆಯಲ್ಲಿ ಕುಲುಮೆಯ ಕೆಲಸದವರು. ಮೊದಲ ಲೇಖನವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದಿದ್ದಳು. ಪಾಳಿಯ ಸೈರನ್ನಿಗೆ ಕಾರ್ಮಿಕರ ಮನೆಗಳ ಅಡುಗೆಯ ಹೊತ್ತು ಹೇಗೆ ಕಟ್ಟುಬಿದ್ದಿದೆ ಎಂಬುದು ವಿಷಯ. ರಾತ್ರಿ ಪಾಳಿ ಮುಗಿಸಿ ಬಂದ ಗಂಡನಿಗೆ ಬೆಳಿಗ್ಗೆ ಅನ್ನ ಆಗಬೇಕು, ಅದೇ ಹೊತ್ತಿಗೆ ಶಾಲೆಯ ಮಕ್ಕಳಿಗೆ ತಿಂಡಿ ಆಗಬೇಕು, ಮಧ್ಯಾಹ್ನದ ಪಾಳಿಗೆ ಹೋಗುವ ಮೈದುನನಿಗೆ ಬುತ್ತಿ ಆಗಬೇಕು. ಒಲೆ ಒಂದು, ಹೆಂಗಸು ಒಬ್ಬಳು. ಕನ್ನಡ, ತಮಿಳು, ತೆಲುಗಿನ ಮನೆಗಳನ್ನು ಸುತ್ತಿ ಅವಳು ಬರೆದುಕೊಂಡ ಮಾತುಗಳಲ್ಲಿ ಒಂದು ನನ್ನ ಮನಸ್ಸಿನಿಂದ ಹೋಗಿಲ್ಲ: "ಸೈರನ್ನು ಫ್ಯಾಕ್ಟ್ರಿದಲ್ಲ ಕಣಮ್ಮ, ನಮ್ ಒಲೇದು."

"ಈ ಮಾತು ಹೇಳಿದ್ದು ಯಾರು?" ಎಂದು ಕೇಳಿದೆ.

"ನಮ್ಮಮ್ಮ" ಎಂದು ಅವಳು ತಲೆ ತಗ್ಗಿಸಿದಳು. "ತೆಗೀಬೇಕಾ ಮೇಡಂ?"

"ಯಾಕೆ ತೆಗೀಬೇಕು ಮಾರಾಯ್ತಿ? ಹೆಸ್ರು ಹಾಕು."

ಲೇಖನ ಅಚ್ಚಾಯಿತು. ಎರಡು ಮೂರು ವರ್ಷಗಳಲ್ಲಿ ಅವಳ ಮದುವೆಯಾಯಿತು. ಗಂಡ ರಾಜಶೇಖರ್ ಶಿವಮೊಗ್ಗದ ಜೂನಿಯರ್ ಕಾಲೇಜೊಂದರಲ್ಲಿ ಗಣಿತದ ಉಪನ್ಯಾಸಕರು, ಸಂಸಾರ ಅದೇ ಊರಿನ ಆಲ್ಕೊಳ ಬಡಾವಣೆಯಲ್ಲಿ. ಅವಳಿಗೆ ಭದ್ರಾವತಿಯ ಕಾಲೇಜಿನಲ್ಲಿ ತಾತ್ಕಾಲಿಕ ಉಪನ್ಯಾಸಕಿಯ ಕೆಲಸ. ಅಲ್ಲಿಯ ದಾಖಲೆಯಲ್ಲಿ ಗುಮಾಸ್ತರು, ಅವಳನ್ನು ಕೇಳುವ ಗೋಜಿಗೆ ಹೋಗದೆ, ಗಿರಿಜಾ ರಾಜಶೇಖರ್ ಎಂದು ಬರೆದುಕೊಂಡರು. ಕೇಳದೆ ಬರೆದದ್ದು ಮೊದಲ ತಪ್ಪು. ದಾಖಲೆಯಲ್ಲಿರುವ ಹೆಸರಿನಲ್ಲೇ ಲೇಖನ ಪ್ರಕಟವಾಗಬೇಕು, ಇಲ್ಲವಾದರೆ ಲೆಕ್ಕಕ್ಕಿಲ್ಲ ಎಂದು ಕಾಲೇಜಿನವರು ಹೇಳಿದ್ದು ಎರಡನೆಯದು. ಅವಳ ಎರಡನೆಯ ಲೇಖನ, ಅದೇ ಒಲೆಗಳ ವಿಷಯದ್ದಾದರೂ ಮೊದಲನೆಯದಕ್ಕಿಂತ ಬಹಳ ದೊಡ್ಡದು, ಆಳವಾದದ್ದು, ಈ ಹೆಸರಿನಲ್ಲಿ ಬಂತು. ನಾವೆಲ್ಲ ಅದನ್ನು ಒಲೆ ಲೇಖನ ಎಂದೇ ಕರೆಯುತ್ತಿದ್ದೆವು. ಮೂರನೆಯ ತಪ್ಪು ನಮ್ಮ ಪತ್ರಿಕೆಯದು. ನಿಯಮದ ಪ್ರಕಾರ ಪುಟದ ನೆತ್ತಿಯ ಮೇಲೆಲ್ಲ 'ರಾಜಶೇಖರ್' ಎಂದು ಅಚ್ಚಾಯಿತು. ತನ್ನ ಮೊದಲ ಲೇಖನವನ್ನು ಅವಳು ಆಕರವಾಗಿ ಬಳಸಿದ್ದಳು. ಅದು ಕೊನೆಯ ಪಟ್ಟಿಯಲ್ಲಿ 'ಗಿರಿಜಾ, ಬಿ. ಎಂ.' ಎಂದು ಬಂತು. ಓದಿದವರಿಗೆ ರಾಜಶೇಖರ್ ಎಂಬ ಗಂಡಸು ಗಿರಿಜಾ ಎಂಬ ಬೇರೊಬ್ಬ ಹೆಂಗಸಿನ ಲೇಖನವನ್ನು ಉಲ್ಲೇಖಿಸಿದಂತೆ ಕಾಣುತ್ತಿತ್ತು.

ಆಗ ಎಲ್ಲರೂ ಓದುತ್ತಿದ್ದದ್ದು ಜೆರಾಕ್ಸಿನಲ್ಲಿ, ಅದೂ ಬೇಕಾದ ಪುಟಗಳನ್ನಷ್ಟೇ. ಪೂರ್ತಿ ಹೆಸರಿದ್ದ ಮೊದಲ ಪುಟ ಅನೇಕರ ಕೈ ಸೇರಲೇ ಇಲ್ಲ. ಬೇರೆ ಲೇಖಕರು 'ರಾಜಶೇಖರ್ ಅವರು ತೋರಿಸಿಕೊಟ್ಟಂತೆ' ಎಂದು ಬರೆಯತೊಡಗಿದರು. ಒಂದು ದಿನ ರಾಜಶೇಖರರೇ ಕಚೇರಿಗೆ ಬಂದರು. ಎತ್ತರದ, ಮಾತು ಕಡಿಮೆಯ ಮನುಷ್ಯ. ಕುರ್ಚಿಯ ತುದಿಯಲ್ಲಿ ಕುಳಿತರು.

"ಮೇಡಂ, ಆಲ್ಕೊಳ ಸರ್ಕಲ್ಲಲ್ಲಿ ನಿಂತ್ರೆ ಸಾಕು, ಯಾರಾದ್ರೂ ಬಂದು ಕೈ ಕುಲುಕ್ತಾರೆ. 'ಸಾರ್, ಒಲೆ ಬಗ್ಗೆ ಏನ್ ಚೆನ್ನಾಗಿ ಬರ್ದಿದೀರಿ, ಹೆಣ್ಮಕ್ಕಳ ಕಷ್ಟ ನಿಮ್ಗೆ ಎಷ್ಟು ಅರ್ಥ ಆಗಿದೆ' ಅಂತಾರೆ. ನನಗೆ ಒಲೆ ಹಚ್ಚೋಕೇ ಬರಲ್ಲ."

ನಾನು ನಕ್ಕೆ. ಅವರು ನಗಲಿಲ್ಲ.

"ಅಲ್ಲ, ನಾನಲ್ಲ ಅಂದ್ರೆ ವಿನಯ ಅಂದ್ಕೋತಾರೆ. ಮನೆಗೆ ಹೋಗಿ ಇವಳ ಮುಖ ನೋಡೋಕೆ ಆಗಲ್ಲ ಮೇಡಂ. ದಯವಿಟ್ಟು ನನ್ ಹೆಸ್ರು ಅಲ್ಲಿಂದ ತೆಗೀರಿ."

ತನ್ನ ಹೆಸರನ್ನು ತೆಗೆಯಿರಿ ಎಂದು ಕೇಳಿಕೊಂಡು ಬಂದ ಗಂಡಸನ್ನು ನನ್ನ ವೃತ್ತಿಯಲ್ಲಿ ನಾನು ಕಂಡದ್ದು ಅದೊಂದೇ ಸಲ. ಹೆಸರು ಸೇರಿಸಿ ಎಂದು ಬಂದವರ ವಿಷಯ ಬರೆಯಲು ಹೋದರೆ ಬೇರೆ ಪುಸ್ತಕವೇ ಬೇಕು.

ವಿಷಯ ನಗುವ ಹಂತ ದಾಟಿದ್ದು ಶಿವಮೊಗ್ಗದ ಕಾಲೇಜೊಂದರಲ್ಲಿ ಕಾಯಂ ಹುದ್ದೆಗೆ ಸಂದರ್ಶನ ನಡೆದಾಗ. ಅಲ್ಲಿಂದ ಗಿರಿಜಾ ನೇರವಾಗಿ ನನ್ನ ಬಳಿಗೆ ಬಂದಳು. ಸೀರೆಯ ಮಡಿಕೆ ಇನ್ನೂ ಕೆಟ್ಟಿರಲಿಲ್ಲ. ಮುಖ ಮಾತ್ರ ಬಾಡಿತ್ತು.

"ಎರಡೂ ಲೇಖನದ ಜೆರಾಕ್ಸು ಮೇಜಿನ ಮೇಲೆ ಇಟ್ಕೊಂಡಿದ್ರು ಮೇಡಂ, ಎರಡನೇದಕ್ಕೆ ಮೊದಲ ಪುಟಾನೇ ಇರ್ಲಿಲ್ಲ. ಒಂದು ಬಿ. ಎಂ. ಗಿರಿಜಾ ಅವರದು, ಇನ್ನೊಂದು ರಾಜಶೇಖರ್ ಅವರದು, ಇದ್ರಲ್ಲಿ ನಿಮ್ದು ಯಾವ್ದಮ್ಮ ಅಂತ ಕೇಳಿದ್ರು."

"ನೀನೇನಂದೆ?"

"ಎರಡೂ ನಂದೇ ಅಂದೆ. ಒಬ್ರು ನಗ್ತಾ, 'ಅಡುಗೆ ಮಾಡಿದ್ದು ನೀವು, ಬರ್ದಿದ್ದು ಯಜಮಾನ್ರು ಇರ್ಬೇಕು' ಅಂದ್ರು. ಎಲ್ರೂ ನಕ್ರು. ಅಧ್ಯಕ್ಷರೊಬ್ರೇ ನಗ್ಲಿಲ್ಲ. ಪತ್ರಿಕೆಯವರೇ ಹೇಳ್ಲಿ, ಮುಂದಿನ ಸಲ ನೋಡೋಣ ಅಂದ್ರು."

ಹುದ್ದೆಯನ್ನು ಆ ಸಲ ಯಾರಿಗೂ ಕೊಡಲಿಲ್ಲ; ಮತ್ತೆ ಅರ್ಜಿ ಕರೆಯುವುದಾಗಿ ಹೇಳಿದರು. ಅಷ್ಟರಲ್ಲಿ ಗಂಡನ ಬರಹವನ್ನು ತನ್ನದೆಂದು ತೋರಿಸಿದಳು ಎಂಬ ಮಾತು ಭದ್ರಾವತಿಯ ಕಾಲೇಜಿನ ಉಪನ್ಯಾಸಕರ ಕೊಠಡಿಯನ್ನು ಮುಟ್ಟಿತ್ತು. ಅವಳು ಒಳಗೆ ಬಂದರೆ ಮಾತು ನಿಲ್ಲುತ್ತಿತ್ತಂತೆ. ಆ ಕೊಠಡಿಯಲ್ಲಿ ಇದ್ದವರೆಲ್ಲ ಓದು ಬಲ್ಲವರು. ಒಬ್ಬರಾದರೂ ಎದ್ದು ಅವಳನ್ನೇ ಕೇಳಬಹುದಿತ್ತು. ಕೇಳಲಿಲ್ಲ. ಆ ಮೌನವನ್ನೂ ನಾನು ತಪ್ಪುಗಳ ಸಾಲಿನಲ್ಲೇ ಸೇರಿಸುತ್ತೇನೆ.

ನರಹರಿ ಸರ್ ಮುಂದೆ ವಿಷಯವಿಟ್ಟೆ. ಅವರು ನೊಂದುಕೊಂಡರು. ಪತ್ರಿಕೆಯ ಮುದ್ರೆಯೊಂದಿಗೆ ಈಗಲೇ ಒಂದು ಪತ್ರ ಬರೆದುಕೊಡುತ್ತೇನೆ ಎಂದರು. ಆದರೆ ತಿದ್ದುಪಡಿ ಅಚ್ಚು ಹಾಕಲು ಒಪ್ಪಲಿಲ್ಲ.

"ತಪ್ಪು ಎಲ್ಲಿದೆ ಹೇಳಿ? ಹೆಸರು ಸರಿ, ವರ್ಷ ಸರಿ, ಪುಟ ಸರಿ. ನಿಯಮದ ಪ್ರಕಾರ ಎಲ್ಲ ಸರಿ ಇರೋದಕ್ಕೆ ತಿದ್ದುಪಡಿ ಏನಂತ ಹಾಕ್ಲಿ?"

"ಎಲ್ಲ ಸರಿ ಇದ್ದೂ ಬರೆದವಳು ಕಾಣಿಸ್ತಿಲ್ಲ ಸರ್."

"ಪತ್ರ ಕೊಡ್ತೀನಿ ಅಂದ್ನಲ್ಲಮ್ಮ."

ಗಿರಿಜಾಳನ್ನು ಕರೆಸಿ ಹೇಳಿದೆ.

"ಬೇಡ ಮೇಡಂ. ಜನ ಓದಿರೋದು ಪತ್ರಿಕೇನ. ಸರ್ ಕೊಡೋ ಪತ್ರಾನ ನಾನು ಎಷ್ಟು ಜನಕ್ಕೆ ಅಂತ ತೋರಿಸ್ತಾ ಓಡಾಡ್ಲಿ? ನಡತೆಗೆ ಸರ್ಟಿಫಿಕೇಟ್ ಹಿಡ್ಕೊಂಡು ತಿರುಗ್ದಂಗೆ ಆಗುತ್ತೆ. ಅಚ್ಚಲ್ಲಿ ಹೋದದ್ದು ಅಚ್ಚಲ್ಲೇ ಬರ್ಲಿ. ಇಲ್ದಿದ್ರೆ ಇಂಟರ್‌ವ್ಯೂಗೇ ಹೋಗಲ್ಲ."

"ಕೆಲಸ ಹೋಗುತ್ತೆ ಮಾರಾಯ್ತಿ."

"ಹೋಗ್ಲಿ."

ಹೋಗಲಿ ಎಂದವಳ ಕಣ್ಣು ಒದ್ದೆಯಾಗಿತ್ತು. ಆ ಹುದ್ದೆ ಅವಳಿಗೆ ಎಷ್ಟು ಬೇಕಿತ್ತೆಂದು ನನಗೆ ಗೊತ್ತಿತ್ತು. ತಾತ್ಕಾಲಿಕ ಕೆಲಸದವರನ್ನು ಪ್ರತಿ ಬೇಸಿಗೆಯಲ್ಲಿ ಬಿಡಿಸಿ ಮಳೆಗಾಲದಲ್ಲಿ ಮತ್ತೆ ಸೇರಿಸಿಕೊಳ್ಳುವ ಪದ್ಧತಿಯಲ್ಲಿ, ಒಂದು ವಿಷಯವನ್ನು ಹಿಡಿದು ನಾಲ್ಕು ವರ್ಷ ಕೂರಲು ಯಾರಿಂದಾದರೂ ಸಾಧ್ಯವೇ? ಒಲೆಯ ಮೇಲಿನ ಪುಸ್ತಕ ಅವಳೊಳಗೆ ಕಾಯುತ್ತಿತ್ತು. ಈ ಪದ್ಧತಿಯಡಿ ಎಷ್ಟು ಪುಸ್ತಕಗಳು ಹುಟ್ಟದೆ ಹೋದವೋ ಯಾವ ಪಟ್ಟಿಯೂ ಹೇಳುವುದಿಲ್ಲ.

ನಾನು ವಾದಗಳನ್ನು ಕೂಡಿಹಾಕಿದೆ. ಮುಂದಿನ ಮಂಡಳಿ ಸಭೆಗೆಂದು ಜಾತಿ, ಲಿಂಗ, ಹೆಸರು ಎಂದು ಒಂದು ಟಿಪ್ಪಣಿಯನ್ನೇ ಸಿದ್ಧಪಡಿಸಿದೆ. ಅದನ್ನು ಓದುವ ಸಂದರ್ಭವೇ ಬರಲಿಲ್ಲ.

ಪತ್ರಿಕೆಗೆ ಹತ್ತು ವರ್ಷ ತುಂಬುತ್ತಿತ್ತು. ಅಲ್ಲಿಯವರೆಗಿನ ಎಲ್ಲ ಲೇಖನಗಳಿಗೂ ಲೇಖಕರ ಹೆಸರಿನ ಅಕಾರಾದಿಯಲ್ಲಿ ಒಂದು ಸೂಚಿ ತರುವುದೆಂದು ನಿರ್ಧಾರವಾಗಿತ್ತು. ಸೂಚಿಯ ಕರಡು ಬಂದ ಬೆಳಿಗ್ಗೆ ನರಹರಿ ಸರ್ ತಮ್ಮ ಸಂಪಾದಕೀಯ ಬರೆಯುತ್ತ ಕುಳಿತಿದ್ದರು. ಹತ್ತು ವರ್ಷಗಳಲ್ಲಿ ಮೆಚ್ಚಿದ ಲೇಖನಗಳನ್ನು ಅದರಲ್ಲಿ ಹೆಸರಿಸುವುದಿತ್ತು. ಕರಡಿನ ಹಾಳೆಗಳನ್ನು ಹಿಂದೆ ಮುಂದೆ ಮಗುಚುತ್ತಿದ್ದವರು ಇದ್ದಕ್ಕಿದ್ದಂತೆ ಗದರಿದರು.

"ಸುಲೋಚನಾ, ಇದೇನಮ್ಮ? ಆ ಹುಡುಗೀದು ಒಲೆ ಲೇಖನ ಎಲ್ಲಿ? ಗ ಅಕ್ಷರದಲ್ಲಿ ಬರೀ ಮೊದಲನೇದು ಇದೆ. ನಾವು ಹಾಕಿದ್ರಲ್ಲೆಲ್ಲ ಒಳ್ಳೇ ಲೇಖನ ಅದು. ಅದನ್ನೇ ಬಿಟ್ರೆ ಹೇಗೆ?"

"ಬಿಟ್ಟಿಲ್ಲ ಸರ್."

"ಬಿಟ್ಟಿಲ್ಲ ಅಂದ್ರೆ? ನನ್ನ ಕಣ್ಣೇನು ಹೋಗಿದ್ಯಾ? ಗಾಯತ್ರಿ ಇದಾರೆ, ಗಿರಿಜಾ ಇದಾಳೆ, ಆಮೇಲೆ ಗುರುಶಾಂತಪ್ಪ. ನೀವೇ ನೋಡಿ."

"ರ ಅಕ್ಷರ ನೋಡಿ ಸರ್."

ಅವರು ಹಾಳೆ ತಿರುಗಿಸಿದರು. ಬೆರಳು ಸಾಲುಗಳ ಮೇಲೆ ಇಳಿಯಿತು. ರಾಘವೇಂದ್ರ ಮತ್ತು ರಾಮಪ್ಪನವರ ನಡುವೆ ನಿಂತಿತು. 'ರಾಜಶೇಖರ್, ಜಿ.'

"ಅವಳನ್ನ ನಾನು ಇಲ್ಲಿ ಯಾಕೆ ಹುಡುಕ್ತೀನಿ?" ಎಂದರು. ಕೇಳಿದ್ದು ನನ್ನನ್ನಲ್ಲ.

ಔಷಧಿ ಅಂಗಡಿಯಲ್ಲಿ ಯಾರೋ ಚಿಲ್ಲರೆಗೆ ಜಗಳವಾಡುವುದು ಕೆಳಗಿನಿಂದ ಕೇಳುತ್ತಿತ್ತು. ಸರ್ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ನನ್ನ ಮೇಜಿನ ಖಾನೆಯಲ್ಲಿ ತಿಂಗಳುಗಳಿಂದ ಹರಿತಗೊಳಿಸಿದ ವಾದಗಳೆಲ್ಲ ಇದ್ದವು. ತೆಗೆಯಲು ಕೈ ಬರಲಿಲ್ಲ. ಆ ಮುದುಕರ ಮುಖ ನೋಡಿದ ಮೇಲೆ ಅವುಗಳ ಅಗತ್ಯವಿಲ್ಲವೆನಿಸಿತು.

"ಲೇಖನ ಆರಿಸಿದೋನು ನಾನು. ನಿಯಮ ಮಾಡಿದೋನೂ ನಾನು. ನನಗೇ ಸಿಗ್ಲಿಲ್ಲ ಅಂದ್ಮೇಲೆ..." ಎಂದು ಅರ್ಧಕ್ಕೇ ಬಿಟ್ಟು ಹಸಿರು ಪೆನ್ನು ಎತ್ತಿಕೊಂಡರು. ಬರೆದದ್ದನ್ನು ನನ್ನ ಕಡೆ ತಳ್ಳಿದರು. ನಿಯಮದ ದೋಷದಿಂದ ಲೇಖಕಿಯ ಹೆಸರು ಮರೆಯಾಗಿದೆ ಎಂದಿತ್ತು.

"ನಿಯಮ ತಾನಾಗೇ ಏನೂ ಮಾಡಲ್ಲ ಸರ್."

"ಬಿಡೋಳಲ್ಲ ನೀನು" ಎಂದರು. ಅವರು ನನ್ನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು, ಅದರಲ್ಲಿ ಸಲುಗೆಯಿತ್ತು. 'ನಿಯಮದ' ಎಂಬುದನ್ನು ಹೊಡೆದು 'ಪತ್ರಿಕೆಯ' ಎಂದು ಬರೆದರು.

ಅಲ್ಲಿಂದ ಮುಂದೆ ನಮ್ಮಲ್ಲಿ ಜನರನ್ನು ಜನ ಯಾವ ಹೆಸರಿನಿಂದ ಕರೆಯುತ್ತಾರೋ ಅದೇ ಹೆಸರಿನ ಅಕ್ಷರದ ಕೆಳಗೆ ಸೇರಿಸುವ ಕ್ರಮ ಬಂತು. ಲೇಖಕರನ್ನೇ ಕೇಳಿ ಬರೆದುಕೊಳ್ಳುವ ಕ್ರಮವೂ ಬಂತು. ಎರಡು ಸಾವಿರದ ಆಚೆಗೆ ಆಕರ ಜೋಡಿಸುವ ತಂತ್ರಾಂಶಗಳು ಬಂದಾಗ ಇದಕ್ಕಾಗಿ ಮತ್ತೆ ಹೋರಾಡಬೇಕಾಯಿತು. ಕಂಪ್ಯೂಟರಿನ ಪರದೆಯಲ್ಲಿ ಎರಡು ಚೌಕಗಳಿರುತ್ತವೆ; ಒಂದರಲ್ಲಿ ಮನೆತನದ ಹೆಸರು, ಇನ್ನೊಂದರಲ್ಲಿ ಸ್ವಂತ ಹೆಸರು. ಮೊದಲನೆಯದು ಖಾಲಿಯಿದ್ದರೆ ಅದು ಮುಂದಕ್ಕೆ ಬಿಡುವುದಿಲ್ಲ. ನಾನು ಕಂಡುಕೊಂಡ ಉಪಾಯ, ಪೂರ್ತಿ ಹೆಸರನ್ನು ಮೊದಲ ಚೌಕದಲ್ಲೇ ತುಂಬಿ ಎರಡನೆಯದನ್ನು ಖಾಲಿ ಬಿಡುವುದು. ನಿಮ್ಮ ಕಾಲಕ್ಕೆ ಚೌಕಗಳು ಬೇರೆಯಾಗಿರಬಹುದು. ಯಂತ್ರ ಕೇಳಿತೆಂದು ಇಲ್ಲದ ಮನೆತನವನ್ನು ಯಾರಿಗೂ ಹುಟ್ಟಿಸಬೇಡಿ.

ಗಿರಿಜಾಳ ಎರಡನೆಯ ಸಂದರ್ಶನದ ಕರೆ ಬಂದಾಗ ಸೂಚಿಯಿದ್ದ ಆ ಹತ್ತನೆಯ ವರ್ಷದ ವಿಶೇಷ ಸಂಚಿಕೆ ಇನ್ನೂ ಮುದ್ರಣದಲ್ಲಿತ್ತು. ಗಾಂಧಿ ಬಜಾರಿನ ಹತ್ತಿರವಿದ್ದ ಮುದ್ರಣಾಲಯದ ಇಸ್ಮಾಯಿಲ್ ಸಾಹೇಬರು ಸೀಸದ ಅಚ್ಚುಮೊಳೆ ಜೋಡಿಸುವ ಕಾಲದಿಂದ ಕಂಪ್ಯೂಟರಿನ ಕಾಲಕ್ಕೆ ದಾಟಿ ಬಂದವರು. ಸೂಚಿಯನ್ನು ಹೊಸದಾಗಿ ಜೋಡಿಸುತ್ತ ಹೇಳಿದರು:

"ನಮ್ ಜಮಾನಾದಲ್ಲಿ ಒಂದು ಹೆಸ್ರು ಹಿಂದೆ ಮುಂದೆ ಮಾಡ್ಬೇಕಂದ್ರೆ ಬೆರಳು ನೋಯ್ತಿತ್ತು ಮೇಡಂ, ಹತ್ತು ಸಲ ಯೋಚ್ನೆ ಮಾಡ್ತಿದ್ವಿ. ಈಗ ಒಂದು ಗುಂಡಿ ಒತ್ತಿದ್ರೆ ಆಯ್ತು. ಬಿಲ್ಕುಲ್ ಸಸ್ತಾ ಆಗ್ಬಿಟ್ಟಿದೆ ಮನುಷ್ಯನ್ ಹೆಸ್ರು."

"ಬೇಗ ಆಗ್ಬೇಕು ಸಾಹೇಬ್ರೇ. ಒಬ್ಬಳ ಕೆಲಸದ ಪ್ರಶ್ನೆ."

"ಆಗುತ್ತೆ ಬಿಡಿ. ಮದುವೆ ಕಾರ್ಡು ಪಕ್ಕಕ್ಕಿಟ್ಟು ನಿಮ್ದೇ ಹಾಕ್ತಿದೀನಿ. ಮದುವೆ ಒಂದಿನ ತಡ ಆದ್ರೆ ಹುಡುಗಂಗೇ ಲಾಭ."

ಮೊದಲ ಪ್ರತಿಯನ್ನು ಶಾಯಿ ಆರುವ ಮುನ್ನವೇ ಎತ್ತಿಕೊಂಡು ಭದ್ರಾವತಿಯ ಬಸ್ಸು ಹತ್ತಿದೆ. ಗಿರಿಜಾ ನ್ಯೂ ಟೌನಿನ ತವರಿನಲ್ಲಿದ್ದಳು. ಅಮ್ಮ ಲಕ್ಷ್ಮಮ್ಮ ಬಾಗಿಲಲ್ಲೇ ಎದುರಾದರು, ಓದು ಬಾರದವರು. ಗಿರಿಜಾ ಮೊದಲ ಪುಟದಲ್ಲಿದ್ದ ಪತ್ರಿಕೆಯ ತಿದ್ದುಪಡಿಯನ್ನು ನಿಂತೇ ಓದಿದಳು. ಆಮೇಲೆ ಸೂಚಿ ತೆರೆದಳು. 'ಗಿರಿಜಾ, ಬಿ. ಎಂ.' ಎಂಬ ಒಂದೇ ಹೆಸರಿನ ಕೆಳಗೆ ಅವಳ ಎರಡೂ ಲೇಖನಗಳು ಒಂದರ ಕೆಳಗೊಂದು ಕೂತಿದ್ದವು.

"ಅದ್ರಲ್ಲಿ ಇವಳಪ್ಪನ ಹೆಸ್ರು ಐತಾ?" ಎಂದು ಲಕ್ಷ್ಮಮ್ಮ ಕೇಳಿದರು.

"ಒಂದಕ್ಷರ ಇದೆ ಅಮ್ಮ" ಎಂದೆ. "ಎಂ ಅಂದ್ರೆ ಅವರೇ."

"ಅಳಿಯಂದ್ರಿಗೆ ಬೇಜಾರಾಗಲ್ವಾ?"

"ಅ‍ವರೇ ಬಂದು ತೆಗೀರಿ ಅಂದಿದ್ದಮ್ಮ."

ಲಕ್ಷ್ಮಮ್ಮ ಆ ಮಾತನ್ನು ಒಂದು ಕ್ಷಣ ತೂಗಿದರು. "ಹಂಗಾದ್ರೆ ಅವ್ರಿಗೆ ಕೋಳಿ ಮಾಡ್ಬೇಕು" ಎಂದು ಒಳಗೆ ಹೋದರು. ಗಿರಿಜಾ ಅಳುತ್ತಿದ್ದವಳು ನಕ್ಕುಬಿಟ್ಟಳು.

ಸಂದರ್ಶನದ ದಿನ ನಾನು ಅರ್ಧ ದಿನ ರಜೆ ಹಾಕಿ ಹೋದೆ. ಕಾಲೇಜಿನ ಆವರಣದಲ್ಲಿ ರಾಜಶೇಖರರು ಕಟ್ಟೆಯ ಮೇಲೆ ಕುಳಿತಿದ್ದರು. ನೆಲದ ಮೇಲೆ ಕಡ್ಡಿಯಿಂದ ಏನೋ ಲೆಕ್ಕ ಬಿಡಿಸುತ್ತಿದ್ದರು. ನಾನೂ ಪಕ್ಕದಲ್ಲಿ ಕುಳಿತೆ. ಒಳಗೆ ಹೋದವರೆಲ್ಲ ಬೇಗ ಬೇಗ ಹೊರಬರುತ್ತಿದ್ದರು. ಗಿರಿಜಾ ಹೋಗಿ ಬಹಳ ಹೊತ್ತಾಯಿತು.

"ಇಷ್ಟು ಹೊತ್ತು ಯಾಕೆ ಮೇಡಂ?" ಎಂದರು ಅವರು. "ಮತ್ತೆ ಅದೇ ವಿಷಯ ತೆಗೆದ್ರೋ ಏನೋ."

"ತೆಗೆದ್ರೆ ಈ ಸಲ ಪತ್ರಿಕೆ ಅವಳ ಕೈಯಲ್ಲಿದೆ."

"ಕೈಯಲ್ಲಿದ್ರೂ, ನಗೋರು ನಗ್ತಾರೆ."

ನೆಲದ ಲೆಕ್ಕವನ್ನು ಚಪ್ಪಲಿಯಿಂದ ಅಳಿಸಿ ಹೊಸದಾಗಿ ಆರಂಭಿಸಿದರು.

ಕೊನೆಗೆ ಅವಳು ಹೊರಬಂದಳು. ಪತ್ರಿಕೆಯನ್ನು ಎದೆಗೆ ಒತ್ತಿ ಹಿಡಿದಿದ್ದಳು. ಇಬ್ಬರೂ ಎದ್ದು ನಿಂತೆವು. ಅವಳ ಮುಖದಿಂದ ಏನೂ ತಿಳಿಯುವಂತಿರಲಿಲ್ಲ. ಯಾವುದೋ ವಾದದ ನಡುವೆ ಎದ್ದುಬಂದವಳಂತೆ ಇನ್ನೂ ಒಳಗೊಳಗೇ ಮಾತನಾಡಿಕೊಳ್ಳುತ್ತಿದ್ದಳು.

"ಪತ್ರಿಕೆ ತೋರಿಸಿದ್ಯಾ?" ಎಂದು ಕೇಳಿದೆ.

"ಅವ್ರ ಹತ್ರ ಆಗ್ಲೇ ಇತ್ತು ಮೇಡಂ. ನರಹರಿ ಸರ್ ಕಳಿಸಿದ್ರಂತೆ."

ಅವರು ನನಗೂ ಹೇಳಿರಲಿಲ್ಲ.

"ಹೆಸ್ರಿನ ವಿಷಯ ಏನಂದ್ರು?" ಎಂದರು ರಾಜಶೇಖರ್.

ಗಿರಿಜಾ ಗಂಡನನ್ನು ಈಗಷ್ಟೇ ಕಂಡವಳಂತೆ ನೋಡಿದಳು.

"ಹೆಸ್ರಾ? ಹೆಸ್ರಿನ ಮಾತೇ ಬರ್ಲಿಲ್ಲ ಕಣ್ರೀ. ಬರೀ ಒಲೆ ಬಗ್ಗೇನೇ ಕೇಳಿದ್ರು. ಗ್ಯಾಸ್ ಬಂದ್ಮೇಲೆ ಏನಾಯ್ತು, ಪಾಳಿ ಕಮ್ಮಿ ಆದ್ಮೇಲೆ ಏನಾಗುತ್ತೆ, ಬೇರೆ ಊರಲ್ಲೂ ಹಿಂಗೇನಾ ಅಂತ. ಹೋದ್ಸಲ ನಕ್ಕೋರೇ ಇವತ್ತು ಜಾಸ್ತಿ ಕೇಳಿದ್ದು. ಒಂದಕ್ಕೆ ನಂಗೆ ಉತ್ರ ಗೊತ್ತಿರ್ಲಿಲ್ಲ. ಗೊತ್ತಿಲ್ಲ, ಹೋಗಿ ಕೇಳ್ಕೊಂಡು ಬರ್ತೀನಿ ಅಂದೆ."

ಕೆಲಸದ ಆದೇಶ ಆಮೇಲೆ ಬಂತು. ಅವಳು ಅದೇ ಕಾಲೇಜಿನಲ್ಲಿ ಪಾಠ ಹೇಳಿದಳು, ಪುಸ್ತಕವನ್ನೂ ಬರೆದಳು. ಈ ವೃತ್ತಿಗೆ ಬರುವವರಿಗೆ ನಾನು ಹೇಳಿಹೋಗಬೇಕೆಂದಿರುವುದು ಮಾತ್ರ ಆ ಮಧ್ಯಾಹ್ನ ಕಟ್ಟೆಯ ಬಳಿ ಕೇಳಿದ ಮಾತು. ಹೆಸರು ಸರಿಯಾದ ಜಾಗದಲ್ಲಿ ಕುಳಿತರೆ ಆಮೇಲೆ ಯಾರೂ ಅದರ ಬಗ್ಗೆ ಮಾತನಾಡುವುದಿಲ್ಲ. ಒಲೆಯ ಬಗ್ಗೆ ಮಾತನಾಡುತ್ತಾರೆ. ನಮ್ಮ ಕೆಲಸ ಅಷ್ಟಕ್ಕಾಗಿ.